ಗಾಯಗೊಂಡ ಯೋಧನ ಜೊತೆ ನಿಲ್ಲೋದು ಹೇಗೆ: ಆಪರೇಷನ್ ಮೇಲೆ ಆಪರೇಷನ್ ಆಗೋ ದಿನಗಳಿಗೆ

ನನ್ನ ತಮ್ಮ ಕಾಶ್ಮೀರದಲ್ಲಿ ಎಲ್‌ಒಸಿ ಹತ್ರ ಪೆಟ್ರೋಲಿಂಗ್ ಹೋದಾಗ ನೆಲದಲ್ಲಿ ಹೂತಿಟ್ಟಿದ್ದ ಮೈನ್ ಮೇಲೆ ಕಾಲಿಟ್ಟ. ಎಡಗಾಲು ಮಂಡಿ ಕೆಳಗೆ ಹೋಯ್ತು, ಬಲಗಾಲಿನ ಮೂಳೆ ಚೂರಾಯ್ತು, ಎರಡು ವರ್ಷದಲ್ಲಿ 11 ಆಪರೇಷನ್. ನಾವು ಹಾಸನದ ಕಡೆಯೋರು, ಆಸ್ಪತ್ರೆ ಅಂದ್ರೆ ಹೆರಿಗೆ ಜ್ವರ ಅಷ್ಟೇ ಗೊತ್ತಿದ್ದ ಮನೆ. ಈಗ ಅದೇ ಕಷ್ಟದಲ್ಲಿರೋ ಮನೆಯವರು ನನ್ನ ನಂಬರ್ ಹುಡುಕಿ ಫೋನ್ ಮಾಡ್ತಾರೆ, ಎಲ್ರಿಗೂ ಹೇಳೋದನ್ನೇ ಇಲ್ಲಿ ಬರೀತಿದೀನಿ.

ಮೊದಲನೇದು, "ಇದೇ ಕೊನೇ ಆಪರೇಷನ್ ಕಣೋ" ಅಂತ ಅವನಿಗೆ ಯಾವತ್ತೂ ಹೇಳ್ಬೇಡಿ. ನಾನು ಮೂರು ಸಲ ಹೇಳ್ದೆ, ಮೂರು ಸಲಾನೂ ಸುಳ್ಳಾಯ್ತು, ನಾಲ್ಕನೇ ಸಲ ನಾನು ಬಾಯಿ ತೆಗೆದ ತಕ್ಷಣ ಅವ್ನು ಗೋಡೆ ಕಡೆ ತಿರುಗಿ ಮಲಗ್ಬಿಟ್ಟ. ಸ್ಫೋಟದ ಗಾಯ ಚಾಕು ಗಾಯದ ಥರ ಅಲ್ಲ. ಮಣ್ಣು, ಬೂಟಿನ ಚೂರು, ಬಟ್ಟೆ ಎಲ್ಲಾ ಮಾಂಸದೊಳಗೆ ನುಗ್ಗಿರುತ್ತೆ, ಮೊದಲನೇ ದಿನಾನೇ ಹೊಲಿದುಬಿಟ್ರೆ ಒಳಗೆ ಕೀವಾಗುತ್ತೆ. ಅದಕ್ಕೇ ಗಾಯ ತೆರೆದಿಟ್ಟು ಎರಡು ಮೂರು ದಿನಕ್ಕೊಮ್ಮೆ ಆಪರೇಷನ್ ಥಿಯೇಟರಿಗೆ ಕರ್ಕೊಂಡು ಹೋಗಿ ತೊಳೆದು, ಸತ್ತ ಮಾಂಸ ತೆಗೀತಾರೆ, ಆಮೇಲೆ ಚರ್ಮ ಹಾಕೋದು, ಆಮೇಲೆ ಮೂಳೆ ಕೆಲಸ. ಅಂದ್ರೆ ಇನ್ನೊಂದು ಆಪರೇಷನ್ ಅಂದ್ರೆ ಏನೋ ಕೆಟ್ಟೋಗಿದೆ ಅಂತಲ್ಲ, ತುಂಬಾ ಸಲ ಅದು ಮೊದಲೇ ಲೆಕ್ಕದಲ್ಲಿರೋದೇ. ಡಾಕ್ಟ್ರನ್ನ "ಇನ್ನೆಷ್ಟು ಆಪರೇಷನ್" ಅಂತ ಕೇಳೋ ಬದ್ಲು "ಇದಾದ್ಮೇಲೆ ಏನು ನೋಡಿ ಮುಂದಿನದು ತೀರ್ಮಾನ ಮಾಡ್ತೀರ ಸರ್" ಅಂತ ಕೇಳಿ, ಆಗ ಉತ್ತರ ಸಿಗುತ್ತೆ.

200 ಪೇಜಿನ ಒಂದು ನೋಟ್‌ಬುಕ್ ತಗೊಳ್ಳಿ. ತಾರೀಖು, ಏನು ಆಪರೇಷನ್, ಎಷ್ಟು ಬಾಟ್ಲಿ ರಕ್ತ, ಯಾವ ಆಂಟಿಬಯೋಟಿಕ್, ಯಾವ ಮಾತ್ರೆಗೆ ಮೈ ಕಡಿತ ಬಂತು, ಎಲ್ಲಾ ಬರೀರಿ. ಯಾಕಂದ್ರೆ ಒಂದೇ ಕಡೆ ಇರಲ್ಲ, ನಮ್ಮವ್ನು ಶ್ರೀನಗರದ 92 ಬೇಸ್ ಆಸ್ಪತ್ರೆ, ಉಧಂಪುರ, ದೆಹಲಿಯ ಆರ್ ಅಂಡ್ ಆರ್ ಸೇನಾ ಆಸ್ಪತ್ರೆ, ಆಮೇಲೆ ಪುಣೆ ಅಂತ ತಿರುಗಿದ. ಒಂದು ಕಡೆ ಫೈಲಿನಲ್ಲಿ ಅಲರ್ಜಿ ವಿಷ್ಯ ಬಿಟ್ಟೋಗಿತ್ತು, ಅದೇ ಇಂಜೆಕ್ಷನ್ ಕೊಡೋಕೆ ಬಂದಾಗ ನೋಟ್‌ಬುಕ್ ತೋರಿಸಿದ್ವಿ, ನಿಂತೋಯ್ತು. ಡಿಸ್ಚಾರ್ಜ್ ಸ್ಲಿಪ್, ಎಕ್ಸ್‌ರೇ ಎಲ್ಲದರ ಫೋಟೋ ಇಬ್ಬರ ಫೋನಲ್ಲಿರ್ಲಿ.

ಪಾಳಿ ಹಾಕ್ಕೊಳ್ಳಿ. ಅಮ್ಮ 23 ದಿನ ಒಂದೇ ಸಮ ಕೂತು ಬಿಪಿ ಏರಿಸ್ಕೊಂಡು ತಾವೇ ಅಡ್ಮಿಟ್ ಆದ್ರು, ಆಮೇಲೆ ನಾನು, ಅಮ್ಮ, ಚಿಕ್ಕಪ್ಪ ಹತ್ತತ್ತು ದಿನ ಅಂತ ಮಾಡ್ಕೊಂಡ್ವಿ. ಯೂನಿಟ್‌ನವರು ಒಬ್ಬ ಸೈನಿಕನನ್ನ ಜೊತೆಗೆ ಬಿಟ್ಟಿದ್ರು, ಆ ಹುಡುಗನ ಋಣ ನಾವು ತೀರ್ಸೋಕಾಗಲ್ಲ. ನೆಂಟರಿಗೆಲ್ಲ ಒಬ್ರೇ ಹೇಳ್ಲಿ, ರಾತ್ರಿ ಒಂದು ವಾಟ್ಸಾಪ್ ವಾಯ್ಸ್ ಮೆಸೇಜ್ ಸಾಕು.

ಬಲಗಾಲಿಗೆ ಇಲಿಜರೋವ್ ಹಾಕಿದ್ರು, ಕಾಲು ಸುತ್ತ ಸ್ಟೀಲ್ ಬಳೆ, ಮೂಳೆಯೊಳಗೆ ತಂತಿ. ಮೂಳೆ ಬೆಳೆಸೋಕೆ ನಟ್ಟನ್ನ ದಿನಕ್ಕೆ ನಾಲ್ಕು ಸಲ ಕಾಲು ಮಿಲಿಮೀಟರ್ ತಿರುಗಿಸ್ತಾರೆ, ದಿನಕ್ಕೆ ಒಂದು ಮಿಲಿಮೀಟರ್ ಅಷ್ಟೇ. 5 ಸೆಂಟಿಮೀಟರ್ ಬೇಕು ಅಂದ್ರೆ 50 ದಿನ, ಆಮೇಲೆ ಅದು ಗಟ್ಟಿಯಾಗೋಕೆ ಅದಕ್ಕಿಂತ ಜಾಸ್ತಿ ದಿನ. ಮೊದಲು ನಾನೇ ತಿರುಗಿಸ್ತಿದ್ದೆ, ಒಂದು ದಿನ ಸಿಸ್ಟರ್ ಹೇಳಿದ್ರು, ಪೇಷೆಂಟ್ ಕೈಗೇ ಸ್ಪ್ಯಾನರ್ ಕೊಡಿ ಅಂತ. ಕೊಟ್ಟೆ. ಅವತ್ತಿಂದ ಚಾರ್ಟ್ ಅವನದೇ, ಟೈಮ್ ಅವನದೇ, ನಾನು ಮರೆತ್ರೂ ಅವ್ನು ಮರೀತಿರ್ಲಿಲ್ಲ. ಅವನ ಕೈಲಾಗೋ ಕೆಲ್ಸ ಯಾವುದನ್ನೂ ನೀವು ಮಾಡ್ಬೇಡಿ, ಎಷ್ಟು ಕರುಳು ಚುರ್ ಅಂದ್ರೂ ಮಾಡ್ಬೇಡಿ. ತಂತಿ ಹೋಗೋ ಜಾಗ ಕೆಂಪಾದ್ರೆ, ಕೀವು ಬಂದ್ರೆ, ಜ್ವರ ಬಂದ್ರೆ ಮಾತ್ರ ಬೆಳಗಾಗ್ಲಿ ಅಂತ ಕಾಯ್ಬೇಡಿ. ಬೀಡಿ ಸಿಗರೇಟು ಪೂರ್ತಿ ಬಂದ್, ಮೂಳೆ ಕೂಡೋದು ನಿಧಾನ ಆಗುತ್ತೆ. ಮೊಟ್ಟೆ, ಬೇಳೆ, ಹಾಲು ಚೆನ್ನಾಗಿ ಕೊಡಿ.

ಕಾಲು ತೆಗೆದ ಕಡೆ ಅಮ್ಮ ಪ್ರೀತಿಯಿಂದ ಮಂಡಿ ಕೆಳಗೆ ದಿಂಬು ಇಡ್ತಿದ್ರು. ಫಿಸಿಯೋ ಬಂದು "ಮಾತಾಜಿ, ದಿಂಬು ತೆಗೀರಿ, ಮಂಡಿ ಬಗ್ಗಿದ ಹಾಗೇ ಸೆಟೆದುಕೊಂಡ್ರೆ ಕೃತಕ ಕಾಲು ಕೂರಲ್ಲ" ಅಂದ್ರು. ಇದು ಯಾರೂ ಮೊದಲೇ ಹೇಳಲ್ಲ. ಇನ್ನೊಂದು, ಇಲ್ಲದ ಪಾದ ನೋಯುತ್ತೆ. "ಎಡಗಾಲಿನ ಹೆಬ್ಬೆರಳು ಉರೀತಿದೆ ಅಕ್ಕ" ಅಂದಾಗ ನಾನು ಹೊರಗೋಗಿ ಅತ್ತೆ. ಅದು ಭ್ರಮೆ ಅಲ್ಲ, ನಿಜವಾದ ನೋವು, ಡಾಕ್ಟ್ರಿಗೆ ಹೇಳಿ, ಔಷಧಿ ಇದೆ. ಕನ್ನಡಿ ಇಟ್ಟು ಇರೋ ಕಾಲಿನ ಬಿಂಬ ನೋಡ್ತಾ ಅಲ್ಲಾಡಿಸೋ ಅಭ್ಯಾಸಾನೂ ಇದೆ, ನರವಿಜ್ಞಾನಿ ವಿ.ಎಸ್. ರಾಮಚಂದ್ರನ್ 1990ರ ದಶಕದಲ್ಲಿ ತೋರಿಸಿಕೊಟ್ಟಿದ್ದು, ಕೆಲವರಿಗೆ ಅದ್ರಿಂದ ಕಡಿಮೆ ಆಗುತ್ತೆ, ನಮ್ಮವನಿಗೆ ಸ್ವಲ್ಪ ಆಯ್ತು.

ರಾತ್ರಿ ಬೆಚ್ಚಿಬೀಳ್ತಾನೆ. ಮೈ ಮುಟ್ಟಿ ಅಲ್ಲಾಡಿಸ್ಬೇಡಿ, ದೂರ ನಿಂತು ಹೆಸರು ಹಿಡಿದು ಕರೀರಿ. ವಾರಗಟ್ಟಲೆ ನಿದ್ದೆ ಇಲ್ಲ, ಯಾರ ಜೊತೇನೂ ಮಾತಿಲ್ಲ ಅಂದ್ರೆ ಮನೋವೈದ್ಯರಿಗೆ ತೋರ್ಸಿ ಅಂತ ನೀವೇ ಕೇಳಿ. ನೋಡೋಕೆ ಬಂದವರು ಸಾಧಕರ ಕಥೆ ಹೇಳ್ತಾರೆ, 1965ರ ಯುದ್ಧದಲ್ಲಿ ಗುಂಡೇಟು ತಿಂದ ಮುರಳಿಕಾಂತ್ ಪೇಟ್ಕರ್ 1972ರ ಪ್ಯಾರಾಲಿಂಪಿಕ್ಸ್‌ನಲ್ಲಿ ಈಜಿ ಚಿನ್ನ ಗೆದ್ದಿದ್ದು ಇತ್ಯಾದಿ. ದೊಡ್ಡ ಮನುಷ್ಯರು ನಿಜ, ಆದ್ರೆ ಮೊದಲ ತಿಂಗಳಲ್ಲಿ ಹೇಳ್ಬೇಡಿ, ಆಗ ಬಚ್ಚಲಿಗೆ ಹೋಗೋದೇ ಅವನಿಗೆ ದೊಡ್ಡ ಪಂದ್ಯ. ನಮ್ಮವ್ನು ಎಂಟು ತಿಂಗಳಾದ್ಮೇಲೆ ತಾನಾಗೇ ಪೇಟ್ಕರ್ ವಿಡಿಯೋ ಹುಡುಕಿ ನಂಗೆ ತೋರಿಸಿದ.

ಕಾಗದ ಪತ್ರ ಬಿಡ್ಬೇಡಿ. ಇಂಜುರಿ ರಿಪೋರ್ಟ್ ಮತ್ತೆ ಬ್ಯಾಟಲ್ ಕ್ಯಾಶುವಲ್ಟಿ (ಕಾರ್ಯಾಚರಣೆಯಲ್ಲಿ ಗಾಯಗೊಂಡವನು) ಅಂತ ದಾಖಲಾಗಿದೆಯಾ ಅಂತ ಯೂನಿಟ್‌ನಲ್ಲಿ ಕೇಳಿ ಕಾಪಿ ಇಟ್ಕೊಳ್ಳಿ, ಮುಂದೆ ಅವನ ದೇಹಸ್ಥಿತಿ ಅಳೆಯೋ ಮೆಡಿಕಲ್ ಬೋರ್ಡ್, ಪೆನ್ಷನ್ ಎಲ್ಲಾ ಅದ್ರ ಮೇಲೇ ನಿಂತಿರುತ್ತೆ. ಕಾಲು ಹೋಯ್ತು ಅಂದ್ರೆ ನೌಕರಿ ಹೋಯ್ತು ಅಂತಲ್ಲ, ಲೋ ಮೆಡಿಕಲ್ ಕ್ಯಾಟಗರಿಯಲ್ಲಿ, ಅಂದ್ರೆ ದೇಹಸ್ಥಿತಿಗೆ ತಕ್ಕ ಕೆಲ್ಸದಲ್ಲಿ, ಸರ್ವಿಸ್ ಮುಂದುವರ್ಸಿದವರು ಬೇಕಾದಷ್ಟು ಜನ ಇದಾರೆ. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೂ ಒಂದ್ಸಲ ಹೋಗಿ ಬನ್ನಿ.

ಕೊನೆಗೆ ಕೃತಕ ಕೈಕಾಲು ಹಾಕೋ ಪುಣೆಯ ಆರ್ಟಿಫಿಷಿಯಲ್ ಲಿಂಬ್ ಸೆಂಟರ್, 1944ರಿಂದ ಇರೋ ಜಾಗ. ಅಲ್ಲಿಗೆ ಹೋಗೋ ಮುಂಚೆ ಮನೇಲಿ ಹೊಸ್ತಿಲು, ಮೆಟ್ಟಿಲು ನೋಡ್ಕೊಳ್ಳಿ, ಕಮೋಡ್ ಮತ್ತೆ ಹಿಡಿ ಹಾಕ್ಸಿ. ಮೊದಲನೇ ಕೃತಕ ಕಾಲು ಸ್ವಲ್ಪ ದಿನಕ್ಕೇ ಸಡಿಲ ಆಗುತ್ತೆ, ಉಳಿದ ಭಾಗದ ಊತ ಇಳಿಯುತ್ತಲ್ಲ ಅದಕ್ಕೆ, ಗಾಬರಿ ಬೇಡ, ಮತ್ತೆ ಅಳತೆ ತಗೋತಾರೆ. ಮತ್ತೆ ಅವ್ನು ದಿನಾ ಹಾಕ್ಕೊಳ್ಳೋ ಶೂ ತಗೊಂಡೋಗಿ, ಜೊತೆ ಎರಡೂ, ಯಾಕಂದ್ರೆ ಹಿಮ್ಮಡಿ ಎತ್ತರ ನೋಡ್ಕೊಂಡೇ ಕಾಲು ಹೊಂದಿಸ್ತಾರೆ. ಕಾಲು ಹೋದ ಕಡೆಯ ಶೂ ಏನಕ್ಕೆ ಅಂತ ಎಸೀಬೇಡಿ. ನಾನು ಎಸೆದೇಬಿಡೋಣ ಅಂತಿದ್ದೆ. ಅಮ್ಮ ಎಡಗಾಲಿನದನ್ನೂ ಪಾಲಿಶ್ ಮಾಡಿ ಪೇಪರ್ ಸುತ್ತಿ ಅಟ್ಟದ ಮೇಲೆ ಇಟ್ಟಿದ್ರು.