ಪಾಪಸಂಕೀರ್ತನೆ ಮತ್ತು ದೋಣಿಯ ಲೆಕ್ಕ: ನನ್ನ ಅನುಭವ

ವರ್ಷಕ್ಕೊಮ್ಮೆಯಾದರೂ ಗುರುಗಳ, ಅಂದರೆ ಪಾದ್ರಿಗಳ, ಮುಂದೆ ಪಾಪಗಳನ್ನು ಅರಿಕೆ ಮಾಡಿಕೊಳ್ಳಬೇಕೆಂದು ಕಥೋಲಿಕ ಧರ್ಮಸಭೆಯ 1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆ ವಿಧಿಸಿತು. ಕಾರವಾರದ ನಮ್ಮ ಮನೆಯಲ್ಲಿ ಅದಕ್ಕೆ ಕುಮ್ಸಾರ್ ಎನ್ನುತ್ತಿದ್ದೆವು. ಈಸ್ಟರ್ ಹಬ್ಬಕ್ಕೆ ಮೊದಲಿನ ತಪಸ್ಸುಕಾಲ ಬಂದಿತೆಂದರೆ ಅಮ್ಮ ಎಲ್ಲರನ್ನೂ ಇಗರ್ಜಿಗೆ (ಚರ್ಚಿಗೆ) ಹೊರಡಿಸುತ್ತಿದ್ದರು. ಆ ಸಂಸ್ಕಾರದ ಆಳ ನನಗೆ ತಿಳಿದದ್ದು ಬೈತಖೋಲ ಬಂದರಿನಲ್ಲಿ ದೋಣಿಯೊಂದರ ಲೆಕ್ಕ ಬರೆಯತೊಡಗಿದ ಮೇಲೆ.

ನಮ್ಮ ದೋಣಿಯಲ್ಲಿ ಖಲಾಸಿಗಳಿಗೆ, ಅಂದರೆ ದೋಣಿಯ ಕೆಲಸಗಾರರಿಗೆ, ಸಂಬಳವಿರಲಿಲ್ಲ, ಪಾಲು. ಮೀನು ಮಾರಿದ ಹಣದಲ್ಲಿ ಡೀಸೆಲ್, ಐಸು, ದಿನಸಿಯ ಖರ್ಚು ಕಳೆದು ಉಳಿದದ್ದನ್ನು ಹಂಚುವುದರಿಂದ, ಖರ್ಚು ಹೆಚ್ಚಿಸಿ ಬರೆದರೆ ಅವರ ಪಾಲು ತಾನಾಗಿಯೇ ಕುಗ್ಗುತ್ತದೆ. ನಾನು ಡೀಸೆಲ್ ಖರ್ಚನ್ನು ಹಾಗೆ ಹೆಚ್ಚಿಸಿ ಬರೆದು ವ್ಯತ್ಯಾಸದ ಹಣ ಇಟ್ಟುಕೊಂಡಿದ್ದೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಮೀನುಗಾರಿಕೆ ನಿಷೇಧವಿರುತ್ತದೆ. ಮೇ ಕೊನೆಯಲ್ಲಿ ಲೆಕ್ಕ ತೀರಿಸಿಕೊಂಡು ಊರಿಗೆ ಹೋಗುವವರಿಗೆ ಮಳೆಗಾಲದ ಅಕ್ಕಿಯೂ ಮಕ್ಕಳ ಶಾಲೆಯ ಖರ್ಚೂ ಆ ಹಣದಲ್ಲೇ ನಡೆಯಬೇಕು.

ಆತ್ಮಶೋಧನೆಗೆ ನಾನು ಹತ್ತು ಆಜ್ಞೆಗಳನ್ನು ಒಂದೊಂದಾಗಿ ಓದಿಕೊಳ್ಳುತ್ತೇನೆ. ಏಳನೆಯದಾದ ‘ಕದಿಯಬೇಡ’ ಬಂದಾಗ, ಹಣದ ವಿಷಯದಲ್ಲಿ ಸ್ವಲ್ಪ ಎಡವಿದೆ ಎಂದು ಹೇಳಿ ಮುಗಿಸುವುದು ನನ್ನ ರೂಢಿಯಾಗಿತ್ತು. ಆ ವರ್ಷ ಮಂಡಿಯೂರಿ, ‘ಫಾದರ್, ಖಲಾಸಿಗಳ ಪಾಲಿನ ಹಣ ಕದ್ದಿದ್ದೇನೆ’ ಎಂದೆ. ಸಾಲದ ಕಾರಣ, ಮಾಲೀಕರು ಕೊಡುತ್ತಿದ್ದ ಕಡಿಮೆ ಸಂಬಳದ ಕಾರಣ ಎರಡೂ ನಾಲಿಗೆಯ ತುದಿಯಲ್ಲಿದ್ದವು, ಹೇಳಲಿಲ್ಲ. ಫಾದರ್ ಕೇಳಿದ್ದು ಒಂದೇ: ‘ಅವರದನ್ನು ಅವರಿಗೆ ಹಿಂದಿರುಗಿಸುತ್ತೀರಾ?’ ಹೂಂ ಎಂದೆ. ಪಾಪಕ್ಷಮೆಯ ಪ್ರಾರ್ಥನೆ ಹೇಳಿ, ಪ್ರಾಯಶ್ಚಿತ್ತಕ್ಕೆ ಬೈಬಲಿನ 51ನೆಯ ಕೀರ್ತನೆ ಓದಲು ತಿಳಿಸಿದರು.

ಹಣ ಕೊಟ್ಟು ಕ್ಷಮೆ ಪಡೆದೆನೆಂದು ಯಾರೂ ತಿಳಿಯಬಾರದು. ಲೂಕನ ಶುಭಸಂದೇಶದ 19ನೆಯ ಅಧ್ಯಾಯದಲ್ಲಿ ಸುಂಕ ವಸೂಲಿಗಾರ ಜಕ್ಕಾಯನು, ಮೋಸದಿಂದ ಪಡೆದಿದ್ದರೆ ಅದರ ನಾಲ್ಕರಷ್ಟು ಹಿಂದಿರುಗಿಸುತ್ತೇನೆ ಎನ್ನುವ ಮೊದಲೇ, ಇಂದು ನಿನ್ನ ಮನೆಯಲ್ಲಿ ತಂಗುತ್ತೇನೆಂದು ಯೇಸು ಹೇಳಿಯಾಗಿತ್ತು. ಪೈಸೆಯನ್ನೂ ಹಿಂದಿರುಗಿಸದೆ ಇಗರ್ಜಿಯಿಂದ ಹೊರಬಂದ ನನ್ನ ಎದೆಯ ಭಾರ ಇಳಿದಿತ್ತು, ಮತ್ತು ಹಿಂದಿರುಗಿಸುವ ಧೈರ್ಯ ಬಂದದ್ದೂ ಅದರಿಂದಲೇ.

ಬಂಕಿನ ಚೀಟಿಗಳನ್ನು ಹುಡುಕಿ ತೆಗೆದು, ಪುಸ್ತಕದ ಪಕ್ಕದಲ್ಲಿಟ್ಟು, ಪ್ರತಿಯೊಬ್ಬನಿಗೆ ಎಷ್ಟು ಸಲ್ಲಬೇಕೆಂದು ಮತ್ತೆ ಲೆಕ್ಕ ಹಾಕಿದೆ. ಕದ್ದವನು ತನ್ನನ್ನು ಬಹಿರಂಗಪಡಿಸಿಕೊಳ್ಳಲೇಬೇಕೆಂದು ಧರ್ಮಸಭೆ ಕೇಳುವುದಿಲ್ಲ; ಹಣ ಹಕ್ಕುದಾರನಿಗೆ ಮುಟ್ಟಬೇಕು, ಅಷ್ಟೇ. ಆದರೂ ದೋಣಿ ನಡೆಸುವ ಮುಖ್ಯಸ್ಥರಾದ ತಾಂಡೇಲರಿಗೆ ಎಲ್ಲವನ್ನೂ ಹೇಳಿದೆ, ಏಕೆಂದರೆ ಅವರು ನನ್ನನ್ನು ನಂಬಿ ಹೆಬ್ಬೆಟ್ಟು ಒತ್ತುತ್ತಿದ್ದವರು. ಬಹಳ ಹೊತ್ತು ಸುಮ್ಮನಿದ್ದು, ‘ಹುಡುಗರಿಗೆ ನೀನೇ ಕೊಡು’ ಎಂದರು. ಕೊಟ್ಟೆ. ಕೆಲಸ ಬಿಟ್ಟು ಹೋದ ಒಬ್ಬನ ವಿಳಾಸ ಸಿಗಲಿಲ್ಲ. ಅವನ ಪಾಲನ್ನು ಬಡವರಿಗೆ ಕೊಡಬೇಕೆಂಬ ಹಳೆಯ ಬೋಧನೆಯಂತೆ ನಡೆದುಕೊಂಡೆ.

ಮತ್ತೆ ಪಾಪ ಮಾಡೆನೆಂಬ ಸಂಕಲ್ಪಕ್ಕೆ ನೆಲೆ ಬೇಕು. ಅದಕ್ಕಾಗಿ ಈಗ ಹಂಚುವ ಮೊದಲು ಡೀಸೆಲಿನ ಚೀಟಿಗಳನ್ನು ಒಂದೊಂದಾಗಿ ಖಲಾಸಿಗಳೆದುರು ಗಟ್ಟಿಯಾಗಿ ಓದುತ್ತೇನೆ, ಓದಿದ ಚೀಟಿಯನ್ನು ತಾಂಡೇಲರ ಕೈಗೆ ಕೊಡುತ್ತೇನೆ.