ಅಡಿಕೆ ಆರಿಸುವುದನ್ನು ನನ್ನ ಕಣ್ಣು ಕಲಿತ ಬಗೆ

ಮನಶ್ಶಾಸ್ತ್ರದಲ್ಲಿ ಎಂ.ಎ. ಓದಿ ತೀರ್ಥಹಳ್ಳಿ ಕಡೆಯ ತೋಟದ ಮನೆಗೆ ಸೊಸೆಯಾಗಿ ಬಂದ ಮೊದಲ ವರ್ಷ, ಬೇಯಿಸಿ ಒಣಗಿಸಿದ ಕೆಂಪಡಿಕೆಯನ್ನು ಆರಿಸಲು ಅತ್ತೆಯ ಪಕ್ಕದಲ್ಲಿ ಕುಳಿತಾಗ, ಸರಕು ಎಂಬ ಮೇಲ್ದರ್ಜೆಯ ಅಡಿಕೆಯನ್ನು ಗುರುತಿಸುವ ಲಕ್ಷಣವೇನು ಎಂದು ಕೇಳಿದ್ದೆ. ಅತ್ತೆ ಒಂದು ಅಡಿಕೆಯನ್ನು ನನ್ನ ಅಂಗೈಗೆ ಹಾಕಿ, "ಇದು ಸರಕು ಮಾರಾಯ್ತಿ, ನೋಡಿಕೊ" ಎಂದರು. ಇನ್ನೊಂದನ್ನು ಹಾಕಿ, "ಇದಲ್ಲ" ಎಂದರು. ಲಕ್ಷಣವನ್ನು ಅಂದೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ. ಅವರಿಗೆ ಹೇಳಲು ಬರುತ್ತಿರಲಿಲ್ಲ ಎಂಬುದು ನನಗೆ ತಡವಾಗಿ ಹೊಳೆಯಿತು.

ಎಳೆಯದಾಗಿ ಕೊಯ್ದ ಕಾಯಿ ಸರಕಾಗುತ್ತದೆ, ಅದಕ್ಕೆ ದರ ಹೆಚ್ಚು; ಬಲಿತಷ್ಟೂ ಬೆಟ್ಟೆ, ರಾಶಿ, ಗೊರಬಲು ಎಂದು ಹೆಸರು ಬದಲಾಗುತ್ತದೆ. ಆದರೆ ಕಾಯಿ ಬಲಿಯುವುದು ದಿನದಿಂದ ದಿನಕ್ಕೆ, ಮೆಟ್ಟಿಲು ಹತ್ತಿದಂತಲ್ಲ. ಗೆರೆ ಎಳೆಯುವವರು ನಾವು. ಮೊರದಂಥ ಬಿದಿರಿನ ಗೆರಸಿಯ ತುಂಬ ಎಲ್ಲ ಬಗೆಯವೂ ಬೆರೆತಿರುವಾಗ ನನ್ನ ಕಣ್ಣು ಸುಲಭದ ದಾರಿ ಹಿಡಿಯಿತು, ಬಣ್ಣ ನೋಡತೊಡಗಿತು. ತಿಂಗಳಾಗುವುದರೊಳಗೆ ಅತ್ತೆ ತಿದ್ದುವುದು ಅಪರೂಪವಾಗಿ, ನಾನು ಕಲಿತೆನೆಂದೇ ನಂಬಿದೆ. ಅಷ್ಟರಲ್ಲಿ ಸಾಗರದ ಕಡೆಯ ನೆಂಟರ ಮನೆಯಲ್ಲಿ ಆರಿಸಲು ಕುಳಿತಾಗ ಇಡೀ ಗೆರಸಿ ತಪ್ಪಿತು. ಅಡಿಕೆಗೆ ಬಣ್ಣ ಕೊಡುವ ಬೇಯಿಸಿದ ರಸ, ಅವರ ಚೊಗರು, ನಮ್ಮದಕ್ಕಿಂತ ಗಾಢವಾಗಿತ್ತು. ನಾನು ಕಲಿತದ್ದು ಸರಕನ್ನಲ್ಲ, ನಮ್ಮ ಮನೆಯ ಹಂಡೆಯ ಬಣ್ಣವನ್ನು.

ಆ ರಾತ್ರಿ ನೆನಪಾದದ್ದು ಓದಿನ ದಿನಗಳ ಪಾರಿವಾಳಗಳು. 1964ರಲ್ಲಿ ಹರ್ನ್‌ಸ್ಟೈನ್ ಮತ್ತು ಲವ್‌ಲ್ಯಾಂಡ್ ಎಂಬ ಸಂಶೋಧಕರು ಪಾರಿವಾಳಗಳಿಗೆ ಬಗೆಬಗೆಯ ಫೋಟೊಗಳನ್ನು ತೋರಿಸಿ, ಮನುಷ್ಯರಿರುವ ಚಿತ್ರಕ್ಕೆ ಕೊಕ್ಕಿನಿಂದ ಕುಟ್ಟಿದಾಗ ಮಾತ್ರ ಕಾಳು ಸಿಗುವಂತೆ ಮಾಡಿದ್ದರು; ಹಿಂದೆಂದೂ ನೋಡದ ಚಿತ್ರಗಳಲ್ಲಿಯೂ ಆ ಹಕ್ಕಿಗಳು ಮನುಷ್ಯರನ್ನು ಗುರುತಿಸಿದವು. ಇದಕ್ಕಿಂತ ನನಗೆ ತಟ್ಟಿದ್ದು 2015ರಲ್ಲಿ ಲೆವೆನ್ಸನ್, ವಾಸರ್‌ಮನ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ. ಸ್ತನದ ಅಂಗಾಂಶವನ್ನು ಸೂಕ್ಷ್ಮದರ್ಶಕದಲ್ಲಿ ತೆಗೆದ ಚಿತ್ರಗಳಲ್ಲಿ ಯಾವುದು ಕ್ಯಾನ್ಸರ್, ಯಾವುದು ಅಲ್ಲ ಎಂದು ಪಾರಿವಾಳಗಳು ಕಲಿತವು, ಹೊಸ ಚಿತ್ರಗಳಲ್ಲೂ ಸರಿಯಾಗಿಯೇ ಬೇರ್ಪಡಿಸಿದವು. ಆದರೆ ಮ್ಯಾಮೋಗ್ರಾಮ್‌ನಲ್ಲಿ ಕಾಣುವ ಗಂಟುಗಳ ವಿಷಯದಲ್ಲಿ ಹಾಗಾಗಲಿಲ್ಲ. ತೋರಿಸಿದ ಚಿತ್ರಗಳನ್ನು ಬಾಯಿಪಾಠದಂತೆ ನೆನಪಿಟ್ಟುಕೊಂಡ ಹಕ್ಕಿಗಳು ಹೊಸವನ್ನು ಕಂಡಾಗ ಸೋತವು. ನನ್ನ ಮೊದಲ ವರ್ಷದ ವಿದ್ಯೆ ಈ ಎರಡನೆಯ ಜಾತಿಯದು.

ಮರುವರ್ಷ ನಾನೇ ಒಂದು ಕ್ರಮ ಮಾಡಿಕೊಂಡೆ. ನಮ್ಮದರ ಜೊತೆಗೆ ಇನ್ನೆರಡು ಮನೆಗಳಿಂದ ಒಂದೊಂದು ಸೇರು ಅಡಿಕೆ ತಂದು ಬೆರೆಸಿದೆ, ಯಾಕೆಂದರೆ ಚೊಗರು ಮೂರು ಬಗೆಯದಾದರೆ ಬಣ್ಣ ನಂಬಿ ಕೂರಲಾಗದು. ಅನುಮಾನದ ಅಡಿಕೆಗಳನ್ನು ಮೊದಲು ಮುಟ್ಟದೆ, ಸರಕೆಂದರೆ ಸರಕೇ ಎನ್ನುವಂಥವನ್ನು ಮತ್ತು ಕಣ್ಣಿಗೆ ಹೊಡೆಯುವ ಗೊರಬಲನ್ನು ಮಾತ್ರ ಬೇರ್ಪಡಿಸಿದೆ. ನಡುವಿನವು ಬಂದದ್ದು ಎರಡನೆಯ ವಾರದಲ್ಲಿ. ಒಂದೊಂದಕ್ಕೂ ಅತ್ತೆ ಆಗಲೇ ಹೌದು, ಅಲ್ಲ ಎನ್ನಬೇಕೆಂದು ಕೇಳಿಕೊಂಡೆ, ಸಂಜೆ ಒಟ್ಟಿಗೆ ತಿದ್ದಿದರೆ ಯಾವುದರಲ್ಲಿ ತಪ್ಪಿದೆನೆಂಬುದೇ ಮರೆತುಹೋಗುತ್ತಿತ್ತು. ಕೆಲವನ್ನು ಮೊಬೈಲ್‌ನಲ್ಲಿ ಕಪ್ಪುಬಿಳುಪಾಗಿ ಫೋಟೊ ತೆಗೆದು ನೋಡಿದೆ. ಬಣ್ಣ ಹೋದ ಕೂಡಲೇ ಮೈಮೇಲಿನ ಸುಕ್ಕು, ಅಂಚಿನ ಆಕಾರ ಎದ್ದು ಕಂಡವು. ಇದನ್ನು ಕಂಡು ಮನೆಯವರು ನಕ್ಕರು, ನನಗೆ ಮಾತ್ರ ಪ್ರಯೋಜನವಾಯಿತು.

ಒಂದೇ ಲಕ್ಷಣವನ್ನು ನಂಬುವುದು ಎಲ್ಲ ಕಡೆಯೂ ದಡ್ಡತನವಲ್ಲ ಎಂಬುದನ್ನು ತೋಟದ ಮಂಗಗಳು ತೋರಿಸಿದವು. ಚಿರತೆಯ ಮಾದರಿಗಳನ್ನು ಕಾಡಿನ ಮಂಗಗಳಿಗೆ ತೋರಿಸಿ ರಿಚರ್ಡ್ ಕಾಸ್ ಮತ್ತು ಉಮಾ ರಾಮಕೃಷ್ಣನ್ 2000ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಪ್ಪು ಮೈಯ ಚಿರತೆಗಿಂತ ಚುಕ್ಕೆ ಮೈಯದನ್ನು ಕಂಡಾಗಲೇ ಮಂಗಗಳು ಹೆಚ್ಚು ಬೆದರಿದ್ದವು. ಸುಮ್ಮನೆ ಓಡಿದರೆ ಮಂಗಕ್ಕೆ ಒಂದು ಹಣ್ಣು ನಷ್ಟ, ಓಡದೆ ಉಳಿದರೆ ಪ್ರಾಣವೇ ನಷ್ಟ. ಚುಕ್ಕೆ ಕಂಡರೆ ಸಾಕು, ಉಳಿದದ್ದನ್ನು ವಿಚಾರಿಸುತ್ತ ಕೂರುವಂತಿಲ್ಲ. ನಾವು ತೋಟದಲ್ಲಿ ಕಟ್ಟಿದ ಹುಲಿ ಬೊಂಬೆಗೂ ಮಂಗಗಳು ಕೆಲವು ದಿನ ಹೆದರಿದವು; ಕದಲದ ಹುಲಿಯನ್ನು ಆಮೇಲೆ ಬೇರೆ ಗುಂಪಿಗೆ ಸೇರಿಸಿದವೋ ಏನೋ, ಅದರ ಪಕ್ಕದ ಬಾಳೆಗೊನೆಯನ್ನೇ ಮುಗಿಸಿದವು. ನಮ್ಮ ತಾಲ್ಲೂಕಿನ ನಲ್ಲೂರಿನ ರೈತರೊಬ್ಬರು 2019ರಲ್ಲಿ ಸಾಕುನಾಯಿಗೇ ಹುಲಿಯ ಪಟ್ಟೆ ಬಳಿದು ಸುದ್ದಿಯಾಗಿದ್ದರು. ಓಡಾಡುವ ಹುಲಿಯನ್ನು ಬೊಂಬೆಯ ಗುಂಪಿಗೆ ಸೇರಿಸುವುದು ಮಂಗಕ್ಕೂ ಕಷ್ಟವಿದ್ದೀತು.

ತಪ್ಪಿನ ಬೆಲೆ ನೋಡಿ ಗೆರೆ ಎಳೆಯುವ ಈ ಲೆಕ್ಕ ಅತ್ತೆಯ ಕೈಯಲ್ಲಿಯೂ ಇತ್ತು. ಸರಕಿನ ಚೀಲದಲ್ಲಿ ನಾಲ್ಕು ಗೊರಬಲು ಸಿಕ್ಕರೆ ಮಂಡಿಯವರು ಇಡೀ ಚೀಲದ ದರ ಇಳಿಸುತ್ತಾರೆ. ಬೆಟ್ಟೆಯಲ್ಲಿ ಹತ್ತು ಸರಕು ಹೋದರೆ ನಷ್ಟ ಆ ಹತ್ತರದ್ದಷ್ಟೇ. ಹಾಗಾಗಿ ಅನುಮಾನ ಬಂದದ್ದೆಲ್ಲ ಕೆಳದರ್ಜೆಗೆ. ಇದೊಂದನ್ನು ಮಾತ್ರ ಅವರು ಬಾಯಿಬಿಟ್ಟು ಹೇಳಿಕೊಟ್ಟಿದ್ದರು.

ಕಳೆದ ವರ್ಷ ಅವರನ್ನೂ ಪರೀಕ್ಷಿಸುವ ಮನಸ್ಸಾಯಿತು. ಗಡಿಯಲ್ಲಿರುವಂಥ ನಲವತ್ತು ಅಡಿಕೆಗಳ ತೊಟ್ಟಿನ ಬಳಿ ಕಾಣದಂತೆ ಸೂಜಿಯಿಂದ ಗೀರಿ, ಒಂದು ದಿನ ಆರಿಸಿಕೊಂಡವನ್ನೇ ಮರುದಿನ ಬೇರೆ ಅಡಿಕೆಯ ಜೊತೆ ಬೆರೆಸಿ ಕೊಟ್ಟೆ. ಏಳು ಅಡಿಕೆ ಗುಡ್ಡೆ ಬದಲಿಸಿದ್ದವು. ಹಿಂಜರಿಯುತ್ತಲೇ ತೋರಿಸಿದೆ. ಅತ್ತೆ ಏಳನ್ನೂ ಒಂದೊಂದಾಗಿ ತಿರುಗಿಸಿ ನೋಡಿ, "ನಿನ್ನೆ ಮೋಡ ಇತ್ತಲ್ಲ" ಎಂದು ಗೆರಸಿ ಎತ್ತಿಕೊಂಡು ಜಗುಲಿಯ ಮೂಡಣ ತುದಿಗೆ ಹೋಗಿ ಕುಳಿತರು.