ಅಪ್ಪನ ಬಗ್ಗೆ ಬರೆದಿಡ್ಬೇಕು ಅಂತಿದ್ರೆ ಮೊದಲು ಹಾಲಿನ ಲೆಕ್ಕದ ಪುಸ್ತಕ ಹುಡುಕಿ

ಅಪ್ಪ ಹೋದ ಹದಿಮೂರನೇ ದಿನ ಎರಡು ಮಾತಾಡು ಅಂತ ಎಲ್ರೂ ಅಂದ್ರು ಅಂತ ನಾನು ಹಿಂದಿನ ರಾತ್ರಿ ಕೂತು ಎರಡು ಪುಟ ಬರ್ದಿದ್ದೆ, ಶಿಸ್ತಿನ ಸಿಪಾಯಿ, ಸರಳಜೀವಿ, ಅಜಾತಶತ್ರು, ಯಾವ ಪದ ಸಿಕ್ತೋ ಅದೆಲ್ಲ ಹಾಕಿ. ಸೋದರತ್ತೆ ಪೂರ್ತಿ ಕೇಳಿಸ್ಕೊಂಡು "ಚೆನ್ನಾಗಿದೆ ಪುಟ್ಟಿ, ಆದ್ರೆ ಇದು ಯಾರ ಬಗ್ಗೆ?" ಅಂದ್ರು.

ಆಮೇಲೆ ವರ್ಷಾಬ್ದಿಕಕ್ಕೆ ಅಂತ ಒಂದು ಚಿಕ್ಕ ಪುಸ್ತಕ ಮಾಡಿದ್ವಿ, ಅದನ್ನ ಹೇಗೆ ಮಾಡೋದು ಅಂತ ಈಗ ಸುಮಾರು ಜನ ಕೇಳ್ತಾರೆ, ಅದಕ್ಕೇ ಇದು. ನಮ್ಮಪ್ಪ ಹಾಸನದವರು, ಗೊರೂರಿನ ಹೇಮಾವತಿ ಡ್ಯಾಮ್ ಕಟ್ಟೋವಾಗ ಅಲ್ಲಿ ಇಂಜಿನಿಯರ್, ರಿಟೈರ್ ಆದ್ಮೇಲೆ ಮಹಾರಾಜ ಪಾರ್ಕಲ್ಲಿ ವಾಕಿಂಗ್, ಮನೆ, ಮೊಮ್ಮಕ್ಕಳು, ಅಷ್ಟೇ. ಮಾತು ಕಮ್ಮಿ. ಇಂಥವರ ಬಗ್ಗೆ ಬರೆಯೋದು ಕಷ್ಟ, ಯಾಕಂದ್ರೆ ತಮ್ಮ ಕಥೆ ತಾವೇ ಹೇಳಿರಲ್ಲ.

ಹದಿಮೂರು ದಿನದಲ್ಲಿ ಬರೋ ಜನಾನ ಸುಮ್ನೆ ಕಳಿಸ್ಬೇಡಿ. ಆಮೇಲೆ ಅವರೆಲ್ಲ ಒಟ್ಟಿಗೆ ಸಿಗಲ್ಲ. ಒಪ್ಪಿಗೆ ಕೇಳಿ ಫೋನಲ್ಲಿ ರೆಕಾರ್ಡ್ ಮಾಡ್ಕೊಳ್ಳಿ, ಆದ್ರೆ "ಅಪ್ಪ ಹೇಗಿದ್ರು" ಅಂತ ಕೇಳಿದ್ರೆ "ದೇವ್ರಂಥ ಮನುಷ್ಯ" ಅಂತಾರೆ, ಅಲ್ಲಿಗೆ ಮುಗೀತು. "ಅವ್ರಿಗೆ ಯಾವಾಗ ಸಿಟ್ಟು ಬಂದಿತ್ತು" ಅಂತ ಕೇಳಿ ನೋಡಿ. ನಮಗೆ ಹಳೇ ಜೀಪ್ ಡ್ರೈವರ್ ಒಬ್ರು ಒಂದು ಗಂಟೆ ಹೇಳಿದ್ರು, ದೊಡ್ಡ ಸಾಹೇಬ್ರುಗಳೆಲ್ಲ ಸೇರಿ ಹತ್ತು ನಿಮಿಷ ಹೇಳಿರಲಿಲ್ಲ. ಡ್ರೈವರ್, ವರ್ಕ್ ಇನ್ಸ್‌ಪೆಕ್ಟರ್, ನೀರುಗಂಟಿ, ಇವರನ್ನ ಹುಡುಕ್ಕೊಂಡು ಹೋಗಿ.

ತಾರೀಕಿಗೆ ನೆನಪು ನಂಬ್ಬೇಡಿ. ಸರ್ವಿಸ್ ರಿಜಿಸ್ಟರ್ ಜೆರಾಕ್ಸ್, ಟ್ರಾನ್ಸ್‌ಫರ್ ಆರ್ಡರ್, ಪೆನ್ಷನ್ ಕಾಗದ, ಇವು ಬೀರುವಿನಲ್ಲಿ ಎಲ್ಲೋ ಒಂದ್ಕಡೆ ಇರ್ತವೆ. ಸ್ಕೂಲಲ್ಲಿ ಬರೆಸಿದ ಹುಟ್ಟಿದ ದಿನಾನೂ ಅಜ್ಜಿ ಹೇಳೋ ದಿನಾನೂ ಬೇರೆ ಇರ್ಬಹುದು, ಎರಡನ್ನೂ ಬರೀರಿ. ರಿಟೈರ್ ಆದ ವರ್ಷದಿಂದ ಹಿಂದಕ್ಕೆ ಲೆಕ್ಕ ಹಾಕೋದಾದ್ರೆ ನಮ್ಮ ರಾಜ್ಯ ಸರ್ಕಾರಿ ನೌಕರರಿಗೆ ನಿವೃತ್ತಿ ವಯಸ್ಸು 58 ಇದ್ದಿದ್ದು 60 ಆಗಿದ್ದು 2008ರಲ್ಲಿ ಅನ್ನೋದು ನೆನಪಿರ್ಲಿ, ನಾನು ಇದನ್ನ ಮರ್ತು ಅಪ್ಪಂಗೆ ಎರಡು ವರ್ಷ ವಯಸ್ಸು ಜಾಸ್ತಿ ಮಾಡಿಬಿಟ್ಟಿದ್ದೆ. ಇನ್ನು ಎಂ ಬುಕ್, ಅಂದ್ರೆ ಆದ ಕೆಲ್ಸದ ಅಳತೆ ಬರೆಯೋ ಮೆಷರ್‌ಮೆಂಟ್ ಬುಕ್, ಹುಡುಕ್ಬೇಡಿ, ಅದು ಆಫೀಸಿಂದು, ಮನೇಲಿ ಸಿಗಲ್ಲ.

ಮನೇಲಿ ಸಿಗೋದು ಬೇರೆ. ನಮಗೆ ಅಟ್ಟದ ಮೇಲೆ ಹಾಲಿನ ಲೆಕ್ಕದ ನೋಟ್‌ಬುಕ್‌ಗಳ ಕಟ್ಟೇ ಸಿಕ್ತು. ದಿನಾ ಎಷ್ಟು ಲೀಟರ್ ಅಂತ ಬರೆದು ಪಕ್ಕದಲ್ಲಿ ಷರಾ ಅಂತ ಒಂದು ಕಾಲಂ ಬೇರೆ. "ಪುಟ್ಟಿಗೆ ಜ್ವರ 102, ಅರ್ಧ ಲೀಟರ್ ಹೆಚ್ಚು." "ಅಮ್ಮ ಊರಿಗೆ, ಹಾಲು ಬೇಡ, ನಾಲ್ಕು ದಿನ." ಆ ನಾಲ್ಕು ದಿನ ಇವ್ರು ಕಾಫಿ ಕುಡೀಲೇ ಇಲ್ವಾ ಅಂತ ಅಮ್ಮನ್ನ ಕೇಳಿದ್ರೆ "ಕುಡಿಯೋಕೆ ಮಾಡ್ಕೊಳ್ಳೋಕೆ ಬರ್ಬೇಕಲ್ಲ" ಅಂದ್ರು. ನಮ್ಮ ಪುಸ್ತಕದಲ್ಲಿ ಒಂದು ಅಧ್ಯಾಯ ಇದರಿಂದಾನೇ ಆಯ್ತು. ನಾನು ಮೈಸೂರು ಹಾಸ್ಟೆಲಲ್ಲಿದ್ದಾಗ ಅಪ್ಪ ಬರೀತಿದ್ದ ಇನ್‌ಲ್ಯಾಂಡ್ ಲೆಟರ್‌ಗಳೂ ಹಂಗೇ, ಮೇಲೆ ವಿಷಯ, ಕೆಳಗೆ ಉಲ್ಲೇಖ, ನಿನ್ನ ಪತ್ರ ದಿನಾಂಕ ಇಂಥದ್ದು, ಆಮೇಲೆ ನಂಬರ್ ಹಾಕಿ ಒಂದು, ಎರಡು, ಮೂರು. ಐದನೇದು ಯಾವಾಗ್ಲೂ ಊಟದ ವಿಚಾರ. ಇದನ್ನ ತಿದ್ದಿ ಚಂದ ಮಾಡೋಕೆ ಹೋಗ್ಬೇಡಿ, ಇದ್ದಂಗೇ ಹಾಕಿ.

ಅಮ್ಮನ್ನ ಮಾತ್ರ ಎದುರಿಗೆ ಕೂರಿಸಿ ಇಂಟರ್ವ್ಯೂ ತರ ಕೇಳೋಕೆ ಹೋದ್ರೆ ಏನೂ ಬರಲ್ಲ, ಅಳು ಬರುತ್ತೆ ಅಷ್ಟೇ. ಅವರೆಕಾಯಿ ಸುಲೀತಾ ಕೂತ್ಕೊಳ್ಳಿ. ನಮ್ಮನೆ ಮೆಟ್ಟಿಲಲ್ಲಿ ಒಂದು ಮೆಟ್ಟಿಲು ಅರ್ಧ ಇಂಚು ಎತ್ತರ ಆಯ್ತು ಅಂತ ಅಪ್ಪ ಗಾರೆಯವರ ಹತ್ರ ಪೂರ್ತಿ ಒಡೆಸಿದ್ದು, ಒಂದು ಮೆಟ್ಟಿಲು ವ್ಯತ್ಯಾಸ ಆದ್ರೆ ಕತ್ತಲಲ್ಲಿ ಕಾಲು ಎಡವೋದು ಗ್ಯಾರಂಟಿ ಅಂತ ವಾದ ಮಾಡಿದ್ದು, ಎರಡು ತಿಂಗಳು ಅಮ್ಮ ಸಿಮೆಂಟ್ ಧೂಳಲ್ಲಿ ಅಡುಗೆ ಮಾಡಿದ್ದು ಎಲ್ಲ ಹಂಗೇ ಬಂತು. ಅಮ್ಮನ ಸಿಟ್ಟನ್ನೂ ಸೇರಿಸ್ದೆ.

ಕೆಲ್ಸ ಮಾಡಿದ ಜಾಗಕ್ಕೆ ಒಂದ್ಸಲ ಹೋಗಿ, ಜೊತೆಗೆ ಕೆಲ್ಸ ಮಾಡಿದವರನ್ನ ಕರ್ಕೊಂಡು ಹೋಗಿ. ಡ್ಯಾಮ್ 1979ರಲ್ಲಿ ಮುಗೀತು, ನೀರಿನ ಗರಿಷ್ಠ ಮಟ್ಟ ಸಮುದ್ರ ಮಟ್ಟದಿಂದ 2922 ಅಡಿ, ಇದೆಲ್ಲ ಕೂತಲ್ಲೇ ಸಿಗುತ್ತೆ. ಆದ್ರೆ ಮಣ್ಣಿನ ಏರಿ ಹಾಕುವಾಗ ಒಂದು ಹಿಡಿ ಮಣ್ಣು ಮುಷ್ಟೀಲಿ ಹಿಚುಕಿ ನೋಡ್ತಿದ್ರು, ಉಂಡೆ ಆಗ್ಬೇಕು, ಅಂಗೈಗೆ ನೀರು ಹತ್ಬಾರ್ದು, ಆಗ ರೋಲರ್ ಓಡ್ಸೋಕೆ ಸರಿ, ಅಂತ ಅಪ್ಪನ ಸ್ನೇಹಿತರು ಅಲ್ಲೇ ಮಣ್ಣು ತಗೊಂಡು ತೋರಿಸಿದ್ರು. ಅಪ್ಪ ಗುಲಾಬಿ ಕುಂಡಕ್ಕೆ ನೀರು ಹಾಕೋ ಮುಂಚೆ ಮಾಡ್ತಿದ್ದಿದ್ದೂ ಇದನ್ನೇ, ನಾವು ಅದು ಯಾವುದೋ ಚಟ ಅಂದ್ಕೊಂಡಿದ್ವಿ. ವಾಪಸ್ ಬರ್ತಾ ಶೆಟ್ಟಿಹಳ್ಳಿ ಕಡೆಗೂ ಹೋಗಿ ಬನ್ನಿ. ಈ ಡ್ಯಾಮಿನ ಹಿನ್ನೀರಿಗೆ ಸಿಕ್ಕಿದ ಊರು ಅದು, ಮಳೆಗಾಲದಲ್ಲಿ ಅಲ್ಲಿನ ಹಳೇ ಚರ್ಚ್ ಅರ್ಧ ನೀರಲ್ಲಿ ನಿಂತಿರುತ್ತೆ. ಡ್ಯಾಮ್ ಕಟ್ಟಿದವರ ಕಥೆ ಬರೆಯೋವಾಗ ಊರು ಮುಳುಗಿದವರನ್ನ ಬಿಟ್ಟು ಬರೆದ್ರೆ ಅರ್ಧ ಸುಳ್ಳು ಬರ್ದಂಗೆ ಅಂತ ನನ್ನ ಅಭಿಪ್ರಾಯ, ಅಣ್ಣ ಒಪ್ಪಲ್ಲ, ಇರ್ಲಿ.

ಇಂಜಿನಿಯರ್ ಅಂದ ತಕ್ಷಣ ವಿಶ್ವೇಶ್ವರಯ್ಯನವರ ಎರಡು ಮೇಣದಬತ್ತಿ ಕಥೆ ತಂದು ನಿಮ್ಮಪ್ಪಂಗೆ ಅಂಟಿಸ್ಬೇಡಿ ದಯವಿಟ್ಟು. ಫೋಟೋ ಹಿಂದೆ ಹೆಸರು ಬರೆಯೋಕೆ ಮೆತ್ತನೆ ಪೆನ್ಸಿಲ್ ಸಾಕು, ಬಾಲ್‌ಪೆನ್ ಒತ್ತಿ ಬರೆದ್ರೆ ಮುಂದೆ ಅಚ್ಚು ಮೂಡುತ್ತೆ. ಹಳೇ ಡ್ರಾಯಿಂಗ್ ಪ್ರಿಂಟ್ ಇದ್ರೆ ಲ್ಯಾಮಿನೇಷನ್ ಮಾಡಿಸ್ಬೇಡಿ, ಬಿಸಿಲಿಗೂ ಇಡ್ಬೇಡಿ, ಮಾಸಿ ಹೋಗ್ತವೆ, ಸ್ಕ್ಯಾನ್ ಮಾಡ್ಸಿ ಸುತ್ತಿಡಿ.

ಪ್ರಿಂಟ್ ಹಾಕ್ಸೋ ಮುಂಚೆ ಕಡೇಲಿ ನಾಲ್ಕು ಪುಟ ಖಾಲಿ ಬಿಡಿ, ಓದಿದವರು ಬರೀಲಿ, ಮತ್ತೆ ಅಪ್ಪನ ಕೆಲ್ಸ ಗೊತ್ತಿರೋರೊಬ್ರ ಹತ್ರ ಪ್ರೂಫ್ ಓದಿಸ್ಲೇಬೇಕು. ನಾವು ಓದಿಸ್ಲಿಲ್ಲ. ಪುಸ್ತಕ ಹಂಚಿದ ಸಂಜೆನೇ ಅಪ್ಪನ ಸ್ನೇಹಿತರು ಫೋನ್ ಮಾಡಿ "ಏನಮ್ಮಾ, ನಮ್ ಡ್ಯಾಮ್‌ನ 2922 ಮೀಟರಿಗೆ ಏರಿಸಿಬಿಟ್ಟಿದೀಯ, ಮುಳ್ಳಯ್ಯನಗಿರಿಗಿಂತ ಮೇಲೆ ಹೋಯ್ತಲ್ಲ" ಅಂತ ನಕ್ರು. ಉಳಿದಿದ್ದ ಅರವತ್ತು ಕಾಪೀಲಿ ನಾನು ಅಣ್ಣ ಇಬ್ರೂ ರಾತ್ರಿ ಕೂತು ಮೀಟರ್ ಹೊಡೆದು ಅಡಿ ಅಂತ ಪೆನ್ನಲ್ಲಿ ತಿದ್ದಿದ್ವಿ.